ಫಿಲಂ ಕೊಡಲಿಲ್ಲ, ಲಿಂಕ್ ಕೊಟ್ಟರು

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆಗಿಂತ ಕಾಯಿಲೆಯ ಚಿತ್ರಗಳ ಚಿಂತೆಯೇ ಜಾಸ್ತಿ. ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲ ಕಂಪ್ಯೂಟರಿಗೆ ಹೋದ ಮೇಲೆ ಚಿತ್ರ ಎಲ್ಲಿರುತ್ತದೆ, ಯಾರು ನೋಡುತ್ತಾರೆ, ನಮ್ಮ ಕೈಗೆ ಹೇಗೆ ಸಿಗುತ್ತದೆ ಎಂದು ಅನೇಕರು ಕೇಳಿದ್ದೀರಿ. ಒಂದೇ ಬಗೆಯ ಪತ್ರಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಮಂಡಿನೋವಿಗೆ ಎಂಆರ್‌ಐ ಮಾಡಿಸಿದೆ. ಹಿಂದೆಲ್ಲ ದೊಡ್ಡ ಕವರಿನಲ್ಲಿ ಫಿಲಂ ಕೊಡುತ್ತಿದ್ದರು. ಈ ಸಲ ಎರಡು ಹಾಳೆ ರಿಪೋರ್ಟು, ಮೊಬೈಲಿಗೊಂದು ಲಿಂಕ್, ಅಷ್ಟೆ. ಕೇಳಿದರೆ ‘ಈಗ ಫಿಲಂ ಎಲ್ಲ ಇಲ್ಲ ಅಮ್ಮ’ ಎಂದರು. ಅಷ್ಟು ದುಡ್ಡು ಕೊಟ್ಟು ಬರಿಗೈಯಲ್ಲಿ ಬಂದಂತಾಯಿತು. ನಾನು ಮೋಸಹೋದೆನೇ?
— ಗೃಹಿಣಿ, ತಿಪಟೂರು

ಉತ್ತರ: ಇಲ್ಲ, ನೀವು ಮೋಸಹೋಗಿಲ್ಲ. ಮೊದಲು ಆ ಸಂಕಟ ಬಿಡಿ. ದುಡ್ಡು ತೆತ್ತವರಿಗೆ ಕೈಯಲ್ಲಿ ಹಿಡಿಯುವಂಥದ್ದೇನಾದರೂ ಬೇಕು ಅನಿಸುವುದು ಸಹಜ. ಆದರೆ ನಿಮ್ಮ ಮಂಡಿಯ ಚಿತ್ರಗಳು ಫಿಲಂ ಇಲ್ಲದೆಯೂ ಸುರಕ್ಷಿತವಾಗಿವೆ.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್ ಕಿರಣ ಕಂಡುಹಿಡಿದ ಮೇಲೆ ಬಹಳ ಕಾಲ ಗಾಜಿನ ಫಲಕವೋ ಫಿಲಮ್ಮೋ ಅದೇ ಅಸಲು. ಕಿರಣ ಬಿದ್ದ ಫಿಲಮ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ ಕೊಡುತ್ತಿದ್ದರು. ಇರುತ್ತಿದ್ದದ್ದು ಒಂದೇ ಪ್ರತಿ; ಬಸ್ಸಿನಲ್ಲಿ ಮರೆತರೆ ಮುಗಿಯಿತು. ಎಂಆರ್‌ಐ ಕಥೆ ಬೇರೆ. ಅದರ ಚಿತ್ರ ಯಾವತ್ತೂ ಹುಟ್ಟುವುದೇ ಕಂಪ್ಯೂಟರಿನಲ್ಲಿ. ನೀವು ಹಿಂದೆ ತಂದ ಎಂಆರ್‌ಐ ಫಿಲಂ ಇದ್ದರೆ ಅದೂ ಕಂಪ್ಯೂಟರಿನಿಂದ ಅಚ್ಚು ಹಾಕಿದ ನಕಲೇ. ಅಸಲು ಆಗಲೂ ಈಗಲೂ ಇರುವುದು ಸೆಂಟರಿನ ಕಂಪ್ಯೂಟರಿನಲ್ಲಿ, ಪ್ಯಾಕ್ಸ್ (ಸ್ಕ್ಯಾನ್ ಚಿತ್ರಗಳನ್ನು ಕೂಡಿಟ್ಟು ವೈದ್ಯರ ಪರದೆಗೆ ತಲುಪಿಸುವ ವ್ಯವಸ್ಥೆ) ಎಂಬುದರೊಳಗೆ. ನಿಮ್ಮ ಮೊಬೈಲಿಗೆ ಬಂದ ಲಿಂಕ್ ಒತ್ತಿದರೆ ಸಾಮಾನ್ಯವಾಗಿ ಆ ಚಿತ್ರಗಳೇ ತೆರೆದುಕೊಳ್ಳುತ್ತವೆ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಷ್ಟೋ ಲಿಂಕುಗಳು ಕೆಲವು ದಿನ ಅಥವಾ ವಾರಗಳ ನಂತರ ತೆರೆಯುವುದಿಲ್ಲ. ಆ ಗಡುವನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಕೆಲವರು ಹಾಕಿಯೇ ಇರುವುದಿಲ್ಲ. ನನಗೆ ಇದು ಸರಿಕಾಣದ ಪದ್ಧತಿ. ಗಡುವನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಇವತ್ತೇ ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಸಿಕೊಳ್ಳಿ. ಲಿಂಕಿನಲ್ಲಿ ಎರಡು ಆಯ್ಕೆ ಕಾಣಬಹುದು. ‘ಪಿಡಿಎಫ್’ ಎಂದಿರುವುದು ಬರಿಯ ರಿಪೋರ್ಟು. ‘ಡೈಕಾಮ್’ (ವೈದ್ಯಕೀಯ ಚಿತ್ರಗಳಿಗೆಂದೇ ಎಲ್ಲ ದೇಶಗಳೂ ಒಪ್ಪಿಕೊಂಡಿರುವ ಕಡತದ ಮಾದರಿ) ಎಂದಿರುವುದು ನಿಜವಾದ ಚಿತ್ರ. ಎರಡನ್ನೂ ಇಳಿಸಿಕೊಳ್ಳಿ. ಆಗದಿದ್ದರೆ ಸೆಂಟರಿಗೆ ಹೋಗಿ, ‘ಡೈಕಾಮ್ ಪ್ರತಿಯನ್ನು ಸಿಡಿಗೋ ಪೆನ್ ಡ್ರೈವಿಗೋ ಹಾಕಿಕೊಡಿ’ ಎಂದು ಇದೇ ಮಾತಿನಲ್ಲಿ ಕೇಳಿ. ಹೆಸರು ಹಿಡಿದು ಕೇಳಿದರೆ ಕೆಲಸ ಬೇಗ ಆಗುತ್ತದೆ.

ನಿಮ್ಮ ಮೂಳೆ ವೈದ್ಯರಿಗೆ ಫಿಲಮ್ಮನ್ನೇ ಬೆಳಕಿಗೆ ಹಿಡಿದು ನೋಡುವ ಅಭ್ಯಾಸವಿದ್ದರೆ ಅಚ್ಚನ್ನೂ ಕೇಳಬಹುದು. ಅದಕ್ಕೆ ಬೇರೆ ದುಡ್ಡು ಕೇಳುವವರಿದ್ದಾರೆ.

ಪ್ರಶ್ನೆ: ಹಾವೇರಿಯಲ್ಲಿರುವ ತಂದೆಗೆ ಎದೆಯ ಸಿಟಿ ಸ್ಕ್ಯಾನ್ ಆಯಿತು. ರಿಪೋರ್ಟಿನಲ್ಲಿ ಶ್ವಾಸಕೋಶದಲ್ಲಿ ‘ನಾಡ್ಯೂಲ್’ ಎಂದಿದೆ. ತಮ್ಮ ಫಿಲಂಗಳನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಿದ. ಇಲ್ಲಿನ ವೈದ್ಯರಿಗೆ ತೋರಿಸಿದರೆ ‘ಇದರಲ್ಲಿ ಹೇಳಲಾಗದು, ಅಸಲು ತನ್ನಿ’ ಎಂದರು. ಚಿತ್ರ ಸ್ಪಷ್ಟವಾಗಿಯೇ ಇತ್ತು. ಮತ್ತೊಂದು ಸ್ಕ್ಯಾನ್ ಮಾಡಿಸುವ ಉಪಾಯವೇ? ತಂದೆಗೆ ಕ್ಯಾನ್ಸರ್ ಇರಬಹುದೆಂಬ ಭಯದಲ್ಲಿ ನಿದ್ದೆ ಬರುತ್ತಿಲ್ಲ.
— ಓದುಗರು, ಬೆಂಗಳೂರು

ಉತ್ತರ: ನಾಡ್ಯೂಲ್ (ಚಿಕ್ಕ ಗಂಟು) ಎಂಬ ಪದ ಓದಿದ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಸಿಟಿಯಲ್ಲಿ ಕಾಣುವ ಸಣ್ಣ ಗಂಟುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಎಂದೋ ಬಂದು ಹೋದ ಕ್ಷಯ, ಮತ್ಯಾವುದೋ ಸೋಂಕು ಉಳಿಸಿಹೋದ ಕಲೆಗಳೂ ಹೀಗೆಯೇ ಕಾಣುತ್ತವೆ. ಹಾಗೆಂದು ಬಿಟ್ಟುಬಿಡುವ ಮಾತಲ್ಲ. ಯಾವ ಬಗೆಯ ಗಂಟು ಎಂದು ತಿಳಿಯಲೇಬೇಕು. ಅದಕ್ಕಾಗಿಯೇ ನಿಮ್ಮ ವೈದ್ಯರು ಅಸಲು ಕೇಳಿದ್ದು. ಹೊಸ ಸ್ಕ್ಯಾನ್ ಮಾಡಿಸಿ ಎಂದು ಅವರು ಹೇಳಿಲ್ಲ. ಅಸಲು ಸಿಕ್ಕರೆ ಹೊಸದು ಬೇಕಾಗುವ ಸಂಭವವೇ ಕಡಿಮೆ.

ನಿಮ್ಮ ತಮ್ಮ ತೆಗೆದ ಫೋಟೊ ಸ್ಪಷ್ಟವಾಗಿದ್ದರೂ ಏಕೆ ಸಾಲದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಸಿಟಿ ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಅದರಲ್ಲಿ ನೋಡಿದರು. 1979ರಲ್ಲಿ ಅವರಿಗೆ ನೊಬೆಲ್ ಬಂತು. ಆ ಮೊದಲ ಚಿತ್ರಗಳಲ್ಲಿ ಒಂದೊಂದು ಪದರಕ್ಕೆ 80 ಸಾಲು, ಸಾಲಿಗೆ 80 ಚುಕ್ಕಿ. ಇಂದಿನ ಯಂತ್ರದಲ್ಲಿ 512 ಸಾಲು, ಸಾಲಿಗೆ 512 ಚುಕ್ಕಿ, ಅಂದರೆ ಒಂದು ಪದರಕ್ಕೆ 2,62,144 ಚುಕ್ಕಿ. ಒಂದೊಂದು ಚುಕ್ಕಿಯ ಹಿಂದೆಯೂ ಒಂದು ಸಂಖ್ಯೆ ಇರುತ್ತದೆ. ದೇಹದ ಆ ಜಾಗ ಕಿರಣವನ್ನು ಎಷ್ಟು ತಡೆಯಿತು ಎಂಬುದರ ಅಳತೆ ಅದು. ಆ ಅಳತೆಗೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕೊಬ್ಬಿಗೆ ಹತ್ತಿರಹತ್ತಿರ ಮೈನಸ್ 100, ಮೂಳೆಗೆ ನೂರಾರು.

ಪರದೆ ತೋರಿಸುವ ಬೂದುಬಣ್ಣದ ಛಾಯೆಗಳು ಸಾಮಾನ್ಯವಾಗಿ 256. ಸಾವಿರಾರು ಅಳತೆಗಳನ್ನು ಅಷ್ಟರಲ್ಲಿ ಒಟ್ಟಿಗೆ ತುಂಬಲಾಗದು. ಹಾಗಾಗಿ ವೈದ್ಯರು ಒಮ್ಮೆ ಶ್ವಾಸಕೋಶಕ್ಕೆ, ಒಮ್ಮೆ ಮಾಂಸಕ್ಕೆ, ಇನ್ನೊಮ್ಮೆ ಮೂಳೆಗೆ ಎಂದು ವಿಂಡೋ (ಯಾವ ಅಳತೆಯಿಂದ ಯಾವ ಅಳತೆಯವರೆಗೆ ತೋರಿಸಬೇಕೆಂಬ ಆಯ್ಕೆ) ಬದಲಿಸುತ್ತ ನೋಡುತ್ತಾರೆ. ಫಿಲಂ ಅಚ್ಚಾದ ಕ್ಷಣಕ್ಕೆ ಆ ಆಯ್ಕೆ ಮುಗಿದುಹೋಗುತ್ತದೆ. ಫಿಲಮ್ಮಿನ ಫೋಟೊದಲ್ಲಿ ಕಿಟಕಿಯ ಬೆಳಕೂ ಸೇರಿಕೊಳ್ಳುತ್ತದೆ. ಅದನ್ನು ವಾಟ್ಸಾಪ್ ಹಿಂಡಿ ಚಿಕ್ಕದು ಮಾಡುತ್ತದೆ. ಆಗ ನಿಮ್ಮ ವೈದ್ಯರಿಗೆ ಬೇಕಾದ ಎರಡು ಮುಖ್ಯ ಸಂಗತಿಗಳು ಕೈತಪ್ಪುತ್ತವೆ: ಗಂಟು ಎಷ್ಟು ಮಿಲಿಮೀಟರ್ ಇದೆ, ಅದರೊಳಗೆ ಸುಣ್ಣದ ಅಂಶವೋ ಕೊಬ್ಬೋ ಇದೆಯೇ. ಒಳಗೆ ಕೊಬ್ಬು ಕಂಡರೆ, ಅಥವಾ ಸುಣ್ಣ ಗಂಟಿನ ತುಂಬ ಕೂತಿದ್ದರೆ, ಬಹುಮಟ್ಟಿಗೆ ಅದು ಹೆದರಬೇಕಾದ ಗಂಟಲ್ಲ. ಅದನ್ನು ಅಳೆದೇ ಹೇಳಬೇಕು. ಫೋಟೊ ಮೇಲೆ ಅಳತೆ ನಡೆಯದು.

ಪದರಗಳ ಲೆಕ್ಕವೂ ಇದೆ. ತೆಳುವಾಗಿ ಕೊಯ್ದರೆ ಎದೆಯ ಸಿಟಿಯಲ್ಲಿ ಮುನ್ನೂರು ನಾನೂರು ಪದರ ಬರುತ್ತದೆ. ಫಿಲಂ ಹಾಳೆಗೆ ಇಪ್ಪತ್ತರಂತೆ ಅಚ್ಚು ಹಾಕಿದರೂ ನಾಲ್ಕು ಹಾಳೆಗೆ ಎಂಬತ್ತು. ಉಳಿದ ಪದರಗಳು ಸೆಂಟರಿನಲ್ಲೇ ಉಳಿದಿವೆ.

ಇನ್ನು ಮಾಡಬೇಕಾದದ್ದು. ಒಂದು ಪದರ ಅರ್ಧ ಎಂಬಿ. ನಾನೂರಕ್ಕೆ ಇನ್ನೂರು ಎಂಬಿ. ಇವತ್ತಿನ ಮೊಬೈಲಿಗೆ ಅದು ದೊಡ್ಡ ಹೊರೆಯಲ್ಲ. ತಮ್ಮನನ್ನು ಸೆಂಟರಿಗೆ ಕಳಿಸಿ ತೆಳುಪದರದ ಪೂರ್ತಿ ಡೈಕಾಮ್ ಪ್ರತಿ ಕೇಳಿಸಿ. ಇಡೀ ಫೋಲ್ಡರನ್ನು ಜಿಪ್ (ಹಲವು ಕಡತಗಳನ್ನು ಒಂದೇ ಗಂಟಾಗಿ ಕಟ್ಟುವುದು) ಮಾಡಿ ಕಳಿಸಲಿ. ವಾಟ್ಸಾಪಿನಲ್ಲೇ ಕಳಿಸುವುದಾದರೆ ‘ಫೋಟೊ’ ಎಂದು ಆರಿಸದೆ ‘ಡಾಕ್ಯುಮೆಂಟ್’ ಎಂದು ಆರಿಸಬೇಕು. ಆಗ ಅದು ಹಿಂಡುವುದಿಲ್ಲ. ಇದೆಲ್ಲ ತಲೆನೋವು ಎನಿಸಿದರೆ ಸಿಡಿ ಮಾಡಿಸಿ ಬೆಂಗಳೂರಿಗೆ ಬರುವ ನೆಂಟರ ಕೈಲಿ ಕೊಟ್ಟು ಕಳಿಸಲಿ, ರಾತ್ರಿ ಬಸ್ಸಿಗೆ ಬಂದರೆ ಬೆಳಿಗ್ಗೆ ನಿಮ್ಮ ಕೈಲಿರುತ್ತದೆ.

ಫೋಟೊ ಎಂದರೆ ನಿಷ್ಪ್ರಯೋಜಕ ಎಂದೂ ತಿಳಿಯಬೇಡಿ. ಅಪಘಾತವಾದಾಗ, ಪಾರ್ಶ್ವವಾಯು ಹೊಡೆದಾಗ ಮೊದಲ ಸಲಹೆಗೆ ಅದು ಸಮಯ ಉಳಿಸುತ್ತದೆ. ಕೊನೆಯ ತೀರ್ಮಾನ ಮಾತ್ರ ಅಸಲಿನ ಮೇಲೆ ಆಗಬೇಕು.

ಪ್ರಶ್ನೆ: ಆಸ್ಪತ್ರೆಯವರು ಕೊಟ್ಟ ಸಿಡಿ ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಹಾಕಲು ಜಾಗವೇ ಇಲ್ಲ. ಸೈಬರ್ ಸೆಂಟರಿನಲ್ಲಿ ಹಾಕಿದರೆ ಹೆಸರಿಲ್ಲದ ನೂರಾರು ಕಡತ ಕಂಡವು, ಯಾವುದೂ ತೆರೆಯಲಿಲ್ಲ. ಅಂಗಡಿಯವನು ‘ಸಿಡಿ ಹಾಳಾಗಿದೆ ಸಾರ್’ ಎಂದ. ಮುಂದಿನ ವಾರ ಶಸ್ತ್ರಚಿಕಿತ್ಸೆ. ಗಾಬರಿಯಾಗಿದೆ.
— ನಿವೃತ್ತ ಉಪಾಧ್ಯಾಯರು, ಸಾಗರ

ಉತ್ತರ: ಗಾಬರಿ ಬೇಡ ಸಾರ್, ನೀವು ಬರೆದದ್ದನ್ನು ನೋಡಿದರೆ ಸಿಡಿ ಸರಿಯಾಗಿಯೇ ಇರುವಂತಿದೆ. ಡೈಕಾಮ್ ಕಡತಗಳು ಹಾಗೆಯೇ ಇರುತ್ತವೆ: ಬಾಲವಿಲ್ಲದ ಹೆಸರು, ಸಂಖ್ಯೆಗಳ ಸಾಲು. ಸಾಮಾನ್ಯ ಫೋಟೊ ತೆರೆಯುವ ತಂತ್ರಾಂಶಕ್ಕೆ ಅವು ಅರ್ಥವಾಗುವುದಿಲ್ಲ.

ಸಿಡಿಯೊಳಗೇ ಚಿತ್ರ ತೋರಿಸುವ ಪುಟ್ಟ ತಂತ್ರಾಂಶವೊಂದನ್ನು ಹಾಕಿರುತ್ತಾರೆ. ಅದು ಹೆಚ್ಚಾಗಿ ವಿಂಡೋಸ್ ಕಂಪ್ಯೂಟರಿನಲ್ಲಿ ಮಾತ್ರ ನಡೆಯುತ್ತದೆ, ಸೈಬರ್ ಸೆಂಟರುಗಳಲ್ಲಿ ವೈರಸ್ ಭಯಕ್ಕೆ ಅದನ್ನು ತಡೆದಿರುತ್ತಾರೆ. ಮೊಮ್ಮಗನಿಗೆ ಹೇಳಿ: ಸಿಡಿ ಹಾಕಲು ಜಾಗವಿರುವ ಕಂಪ್ಯೂಟರಿನಲ್ಲಿ ಸಿಡಿಯಲ್ಲಿರುವ ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ಇದ್ದ ಹಾಗೆಯೇ ನಕಲಿಸಬೇಕು. ಹೆಸರು ಬದಲಿಸಬಾರದು, ‘ಬೇಡದ್ದು’ ಎಂದು ಏನನ್ನೂ ಅಳಿಸಬಾರದು. ‘ಡೈಕಾಮ್‌ಡಿರ್’ ಎಂಬ ಒಂದು ಕಡತ ಅದರಲ್ಲಿರುತ್ತದೆ, ಅದು ಒಟ್ಟು ಚಿತ್ರಗಳ ಪರಿವಿಡಿ. ಆಮೇಲೆ ವಿಂಡೋಸ್‌ಗೆ ಮೈಕ್ರೋಡೈಕಾಮ್, ಆಪಲ್ ಕಂಪ್ಯೂಟರಿಗೆ ಹೋರೋಸ್ ಎಂಬ ತಂತ್ರಾಂಶಗಳು ಮನೆಬಳಕೆಗೆ ಉಚಿತವಾಗಿ ಸಿಗುತ್ತವೆ.

ತೆರೆದು ನೋಡಿ, ಸಮಾಧಾನವಾಗಲಿ. ಆದರೆ ಅಲ್ಲಿ ಕಾಣುವ ಬಿಳಿ ಕಪ್ಪಿಗೆ ನೀವೇ ಅರ್ಥ ಹಚ್ಚಲು ಹೋಗಬೇಡಿ. ಸಹಜ ರಕ್ತನಾಳವೇ ಗಂಟಿನಂತೆ ಕಂಡು ನಿದ್ದೆಗೆಡಿಸುತ್ತದೆ.

ಮಲೆನಾಡಿನಲ್ಲಿದ್ದೀರಿ. ಮಳೆಗಾಲದಲ್ಲಿ ಸಿಡಿಗೂ ಬೂಷ್ಟು ಹಿಡಿಯುತ್ತದೆ. ಪೆನ್ ಡ್ರೈವ್ ಕೂಡ ಒಂದು ದಿನ ಕೈಕೊಡುವ ವಸ್ತುವೇ. ಎರಡು ಕಡೆ ಪ್ರತಿ ಇರಲಿ.

ಪ್ರಶ್ನೆ: ಅಮ್ಮನ ಹೆಸರು ಆಧಾರ್‌ನಲ್ಲಿ ಗೌರಮ್ಮ, ವಯಸ್ಸು 54. ಸ್ಕ್ಯಾನಿನಲ್ಲಿ ‘ಗೌರಿ, 45’ ಎಂದಿದೆ. ಬೇರೆಯವರ ಚಿತ್ರ ಅಮ್ಮನ ಹೆಸರಿಗೆ ಬಂದಿರಬಹುದೇ?
— ಓದುಗರು, ಚಿಂತಾಮಣಿ

ಉತ್ತರ: ಅಂಕಿ ಹಿಂದುಮುಂದಾಗಿರುವುದನ್ನು ನೋಡಿದರೆ ಕೌಂಟರಿನಲ್ಲಿ ಬೆರಳಚ್ಚಿಸುವಾಗ ಆದ ತಪ್ಪಿನಂತೆ ತೋರುತ್ತದೆ. ಆದರೂ ನಿಮ್ಮ ಅನುಮಾನ ನ್ಯಾಯವಾದದ್ದೇ. ಇದನ್ನು ಪರೀಕ್ಷಿಸದೆ ಬಿಡಬಾರದು.

ಮನೆಯ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತೇವಲ್ಲ, ಸಮಾರಂಭಕ್ಕೆ ಎಲ್ಲಿಗೇ ಹೋದರೂ ಗುರುತು ಪಾತ್ರೆಯ ಮೈಮೇಲೇ ಇರುತ್ತದೆ. ಡೈಕಾಮ್ ಕಡತವೂ ಹಾಗೆ. ಹೆಸರು, ರೋಗಿಯ ಸಂಖ್ಯೆ, ಜನ್ಮದಿನಾಂಕ, ದಿನ, ಗಂಟೆ, ಯಂತ್ರ ಎಲ್ಲವೂ ಚಿತ್ರದ ಕಡತದೊಳಗೇ ಬರೆದಿರುತ್ತವೆ. ಒಂದು ಕಾಲದಲ್ಲಿ ಒಂದು ಕಂಪನಿಯ ಯಂತ್ರದ ಚಿತ್ರ ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಅಮೆರಿಕದ ವಿಕಿರಣ ತಜ್ಞರ ಸಂಘವೂ ಯಂತ್ರ ತಯಾರಕರ ಸಂಘವೂ 1983ರಲ್ಲಿ ಒಟ್ಟಿಗೆ ಕೂತು 1985ರಲ್ಲಿ ಮೊದಲ ಒಪ್ಪಂದದ ಮಾದರಿ ತಂದವು. 1993ರಲ್ಲಿ ಅದಕ್ಕೆ ಡೈಕಾಮ್ ಎಂಬ ಹೆಸರು ಬಂತು. ಇಷ್ಟಾದರೂ ಕೊರೆಯುವವರು ತಪ್ಪು ಹೆಸರು ಕೊರೆದರೆ ಆ ತಪ್ಪು ಹೋದಲ್ಲೆಲ್ಲ ಹೋಗುತ್ತದೆ. ಒಳ್ಳೆಯ ಆಸ್ಪತ್ರೆಗಳಲ್ಲಿ ನೋಂದಣಿಯಲ್ಲಿ ಬರೆದ ಹೆಸರೇ ನೇರ ಯಂತ್ರದ ಪರದೆಗೆ ಬರುತ್ತದೆ, ಟೆಕ್ನಿಷಿಯನ್ ಮತ್ತೆ ಬರೆಯುವಂತಿಲ್ಲ. ಎಲ್ಲ ಕಡೆ ಆ ಏರ್ಪಾಡು ಇಲ್ಲ.

ನೀವು ಮೂರು ವಿಷಯ ತಾಳೆ ನೋಡಿ. ರಶೀದಿಯ ಮೇಲಿನ ರೋಗಿ ಸಂಖ್ಯೆ ಚಿತ್ರದ ಮೇಲೂ ಅದೇ ಇದೆಯೇ? ದಿನ, ಗಂಟೆ ಹೊಂದುತ್ತವೆಯೇ? ಅಮ್ಮನಿಗೆ ಹಿಂದೆ ಆಪರೇಷನ್ ಆಗಿದ್ದರೆ, ಮೈಯಲ್ಲಿ ರಾಡು ಪ್ಲೇಟು ಇದ್ದರೆ ರಿಪೋರ್ಟಿನಲ್ಲಿ ಅದರ ಉಲ್ಲೇಖ ಇದೆಯೇ? ಮೂರೂ ಹೊಂದಿದರೆ ಚಿತ್ರ ಅಮ್ಮನದೇ ಎಂದು ಬಹುಮಟ್ಟಿಗೆ ನಂಬಬಹುದು. ಒಂದು ಹೊಂದದಿದ್ದರೂ ಚಿಕಿತ್ಸೆ ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಿ. ಹೇಗಿದ್ದರೂ ಹೆಸರು, ವಯಸ್ಸು ತಿದ್ದಿಸಿ. ಪೆನ್ನಿನಲ್ಲಿ ಕಾಗದದ ಮೇಲೆ ತಿದ್ದಿಸಿಕೊಂಡು ಬಂದರೆ ಸಾಲದು, ಕಂಪ್ಯೂಟರಿನಲ್ಲೇ ತಿದ್ದಿ ಹೊಸ ರಿಪೋರ್ಟು ಕೊಡಬೇಕು. ಮುಂದಿನ ವರ್ಷ ಹಳೆಯ ಚಿತ್ರ ಹುಡುಕಿದಾಗ ‘ಗೌರಮ್ಮ’ ಎಂದರೆ ಅದು ಸಿಗಬೇಕಲ್ಲ!

ಪ್ರಶ್ನೆ: ಎದೆಯಲ್ಲಿ ಗಂಟು ಕಂಡು ಮ್ಯಾಮೊಗ್ರಾಂ ಮಾಡಿಸಬೇಕಾಗಿದೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಇರುತ್ತದಂತೆ. ಯಾರು ಯಾರು ನೋಡುತ್ತಾರೋ, ಹೊರಗೆ ಹೋಗಿಬಿಟ್ಟರೆ ಎಂಬ ಸಂಕೋಚದಲ್ಲಿ ಮುಂದೆ ಹಾಕುತ್ತಿದ್ದೇನೆ. ಮನೆಯವರಿಗೂ ಹೇಳಿಲ್ಲ.
— ಹೆಸರು, ಊರು ಬೇಡ

ಉತ್ತರ: ಹೇಳಿಕೊಂಡದ್ದು ಒಳ್ಳೆಯದಾಯಿತು. ಈ ಸಂಕೋಚ ನಿಮ್ಮೊಬ್ಬರದಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ಗಂಟು ಕಾಯುವುದಿಲ್ಲ. ಈ ಉತ್ತರ ಓದಿದ ವಾರದಲ್ಲೇ ಹೋಗಿ ಬನ್ನಿ.

ಮ್ಯಾಮೊಗ್ರಾಂ ಚಿತ್ರದಲ್ಲಿ ಮುಖವಿರುವುದಿಲ್ಲ, ಚರ್ಮದ ಬಣ್ಣವಿರುವುದಿಲ್ಲ. ಒಳಗಿನ ಕೊಬ್ಬು, ಗ್ರಂಥಿಗಳ ಕಪ್ಪು ಬಿಳುಪು ನೆರಳಷ್ಟೇ ಅದು. ನೋಡಬೇಕಾದವರು ಚಿತ್ರ ತೆಗೆಯುವ ಟೆಕ್ನಿಷಿಯನ್, ಓದುವ ವಿಕಿರಣ ತಜ್ಞರು, ನಿಮ್ಮ ವೈದ್ಯರು. ಮಹಿಳಾ ಟೆಕ್ನಿಷಿಯನ್ ಬೇಕೆಂದು ಮೊದಲೇ ಫೋನು ಮಾಡಿ ಕೇಳಿ. ಎಷ್ಟೋ ಕಡೆ ಇದ್ದಾರೆ. ಸರಿಯಾಗಿ ನಡೆಸುವ ಪ್ಯಾಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಪ್ತಪದವಿದ್ದು, ಯಾರು ಯಾವಾಗ ಯಾವ ಚಿತ್ರ ತೆರೆದರು ಎಂಬುದು ದಾಖಲಾಗುತ್ತದೆ. ಹಳೆಯ ಫಿಲಂ ಕವರನ್ನು ಕಾರಿಡಾರಿನಲ್ಲಿ ಯಾರು ಬೇಕಾದರೂ ಎತ್ತಿ ನೋಡಬಹುದಿತ್ತು ಎಂಬುದನ್ನು ನೆನೆದರೆ ಇದು ವಾಸಿ.

ಸೋರಿಕೆಯೇ ಆಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಎಂಬ ಭದ್ರತಾ ಸಂಸ್ಥೆ ಹುಡುಕಿ ನೋಡಿದಾಗ ಹಲವಾರು ದೇಶಗಳ ಪ್ಯಾಕ್ಸ್ ಸರ್ವರುಗಳು ಗುಪ್ತಪದವೂ ಇಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡಿದ್ದವು, ಭಾರತದವೂ ಅದರಲ್ಲಿದ್ದವು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿಯಾಗಿ ಎಷ್ಟೋ ದಿನ ಎಲ್ಲವನ್ನೂ ಕೈಬರಹದಲ್ಲೇ ನಡೆಸಿದರು. ಇದೆಲ್ಲ ಆಸ್ಪತ್ರೆಗಳು ಸರಿಪಡಿಸಿಕೊಳ್ಳಬೇಕಾದ ಕೆಲಸ. ರೋಗಿಯ ಗುಟ್ಟು ಕಾಯುವುದು ವೈದ್ಯರ ನೀತಿಸಂಹಿತೆಯಲ್ಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ನಿಮ್ಮ ಮಾಹಿತಿಯನ್ನು ನಿಮ್ಮ ಒಪ್ಪಿಗೆಯ ಆಧಾರದ ಮೇಲೆ, ಹೇಳಿದ ಉದ್ದೇಶಕ್ಕಷ್ಟೇ ಬಳಸಬೇಕು ಎನ್ನುತ್ತದೆ. ಬೋಧನೆಗೋ ಸಂಶೋಧನೆಗೋ ಬಳಸುವುದಾದರೆ ಹೆಸರು ತೆಗೆದಿರಬೇಕು. ಒಪ್ಪಿಗೆ ಪತ್ರದಲ್ಲಿ ಆ ಸಾಲು ಇದ್ದರೆ ಓದಿ. ಇಷ್ಟವಿಲ್ಲದಿದ್ದರೆ ಬೇಡ ಎನ್ನಿ. ಬೇಡ ಎಂದ ಕಾರಣಕ್ಕೆ ಚಿಕಿತ್ಸೆ ನಿಲ್ಲಬಾರದು.

ನಾನು ಕಂಡಂತೆ ಚಿತ್ರ ಹೊರಗೆ ಹೋಗುವುದು ಹೆಚ್ಚಾಗಿ ಮೊಬೈಲಿನಿಂದ. ವೈದ್ಯರ ಗುಂಪುಗಳಲ್ಲಿ ಹೆಸರು ಕಾಣುವ ಹಾಗೆಯೇ ಚಿತ್ರ ಹಾಕುವ ಚಾಳಿ ನಮ್ಮಲ್ಲೂ ಇದೆ, ಅದು ನಿಲ್ಲಬೇಕು. ನಿಮ್ಮ ಕಡೆಯಿಂದ, ಲಿಂಕನ್ನು ಕುಟುಂಬದ ಗ್ರೂಪಿಗೆ ಹಾಕಬೇಡಿ. ಲಿಂಕ್ ಇದ್ದವರೆಲ್ಲ ಚಿತ್ರ ನೋಡಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೇಕಾದ ವೈದ್ಯರಿಗೆ ಮಾತ್ರ ಕಳಿಸಿ, ಗುಪ್ತಪದವನ್ನು ಬೇರೆ ಸಂದೇಶದಲ್ಲಿ ಹೇಳಿ.

ಮನೆಯಲ್ಲಿ ನಂಬುವ ಒಬ್ಬರಿಗೆ ಹೇಳಿ, ಜತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ತೆಗೆದ ಸಿಟಿಯ ರಿಪೋರ್ಟಿಗೆ ಬೆಂಗಳೂರಿನ ಯಾರೋ ವೈದ್ಯರ ಸಹಿ ಇದೆ. ನನ್ನನ್ನು ನೋಡದೆಯೇ ಬರೆದ ರಿಪೋರ್ಟನ್ನು ನಂಬಬಹುದೇ? ಕೊನೆಯಲ್ಲಿ ‘ಕ್ಲಿನಿಕಲ್ ಕೋರಿಲೇಷನ್’ ಬೇಕು ಎಂದು ಬೇರೆ ಬರೆದಿದ್ದಾರೆ. ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ.
— ರೈತರು, ಸಿಂಧನೂರು

ಉತ್ತರ: ನಂಬಬಹುದು. ಇದಕ್ಕೆ ಟೆಲಿರೇಡಿಯಾಲಜಿ (ದೂರದಲ್ಲಿ ಕೂತು ಚಿತ್ರ ಓದುವುದು) ಎನ್ನುತ್ತಾರೆ. ಯಂತ್ರ ಇದ್ದ ಕಡೆಯೆಲ್ಲ ತಜ್ಞರಿಲ್ಲ. ತಜ್ಞರು ಊರಿಗೆ ಬರುವ ಬದಲು ಚಿತ್ರವೇ ತಜ್ಞರ ಬಳಿಗೆ ಹೋಗುತ್ತದೆ. ಈ ಕೆಲಸಕ್ಕೆ ಕರ್ನಾಟಕ ಹೊಸದೂ ಅಲ್ಲ. 2002ರ ಸುಮಾರಿಗೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಬೆಸೆದಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಡಾ. ಅರ್ಜುನ್ ಕಲ್ಯಾಣಪುರ್, ಡಾ. ಸುನೀತಾ ಮಹೇಶ್ವರಿ ದಂಪತಿ ಶುರುಮಾಡಿದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಚಿತ್ರಗಳನ್ನು ಇಲ್ಲಿ ಹಗಲಿನಲ್ಲಿ ಓದಿಕೊಟ್ಟಿತು. ಅಲ್ಲಿನವರು ಒಪ್ಪಿದ ಕೆಲಸಕ್ಕೆ ಸಿಂಧನೂರಿನವರು ಹೆದರಬೇಕಿಲ್ಲ.

‘ಕ್ಲಿನಿಕಲ್ ಕೋರಿಲೇಷನ್’ ಎಂದರೆ ರೋಗಿಯ ತೊಂದರೆಯ ಜೊತೆ ತಾಳೆ ನೋಡಿ ಎಂದು ನಿಮ್ಮ ವೈದ್ಯರಿಗೆ ಬರೆದ ಮಾತು. ಅದರಲ್ಲಿ ಗುಟ್ಟಿಲ್ಲ.

ನೀವು ನೋಡಬೇಕಾದದ್ದು ಬೇರೆ. ಸಹಿಯ ಕೆಳಗೆ ವೈದ್ಯರ ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಸ್ಕ್ಯಾನಿಗೆ ಹೋದಾಗ ನೋವು ಎಲ್ಲಿ, ಎಷ್ಟು ದಿನದಿಂದ, ಮೊದಲು ಏನಾಗಿತ್ತು ಎಂಬುದನ್ನು ಬರೆಸಬೇಕು. ದೂರದಲ್ಲಿ ಕೂತವರಿಗೆ ನಿಮ್ಮ ಬಗ್ಗೆ ತಿಳಿಯುವುದು ಅಷ್ಟರಿಂದಲೇ. ‘ಹೊಟ್ಟೆನೋವು’ ಎಂಬ ಒಂದೇ ಪದ ಬರೆದು ಕಳಿಸಿದರೆ ಎಂಥ ತಜ್ಞರೂ ಅರ್ಧ ಕತ್ತಲಲ್ಲೇ ಓದಬೇಕಾಗುತ್ತದೆ.

ಪ್ರಶ್ನೆ: ಐದು ವರ್ಷದ ಹಿಂದಿನ ಸ್ಕ್ಯಾನ್ ಕೇಳಿದರೆ ಆಸ್ಪತ್ರೆಯವರು ‘ಅಳಿಸಿಹೋಗಿದೆ’ ಎಂದರು. ಇದು ಸರಿಯೇ? ಅಟ್ಟದ ಮೇಲೆ ತಂದೆಯವರ ಕಾಲದಿಂದಲೂ ಫಿಲಂ ರಾಶಿ ಇದೆ. ಗುಜರಿಯವನು ಕೇಳುತ್ತಿದ್ದಾನೆ, ಕೊಡಬಹುದೇ?
— ಓದುಗರು, ಮಂಡ್ಯ

ಉತ್ತರ: ಬೇಸರವಾಗುವ ಸಂಗತಿಯೇ, ಆದರೆ ನಿಯಮ ಅವರ ಪರವಾಗಿರಬಹುದು. ವೈದ್ಯರ ನಡತೆ ಕುರಿತ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಇಟ್ಟರೆ ಸಾಕು. ಅದೇ ನಿಯಮದಲ್ಲಿ ನಿಮಗೆ ಅನುಕೂಲವಾದ ಇನ್ನೊಂದು ಮಾತೂ ಇದೆ: ರೋಗಿ ಅಥವಾ ಅಧಿಕೃತ ಪರಿಚಾರಕರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನನ್ನ ಕೇಳಿದರೆ ಅಷ್ಟರವರೆಗೂ ಕಾಯಬೇಡಿ. ಬಿಡುಗಡೆಯ ದಿನವೇ ಪ್ರತಿ ಕೈಗೆ ಬರಲಿ.

ರಾಶಿಯನ್ನು ಒಟ್ಟಿಗೆ ಗುಜರಿಗೆ ಹಾಕಬೇಡಿ. ಗುಜರಿಯವರು ಕೇಳುವುದು ಹಳೆಯ ಫಿಲಮ್ಮಿನಲ್ಲಿರುವ ಬೆಳ್ಳಿಗಾಗಿ. ಬದುಕಿರುವವರ ಎದೆಯ ಹಳೆಯ ಎಕ್ಸ್‌ರೇ ಸಿಕ್ಕರೆ ಎತ್ತಿಡಿ. ಇವತ್ತು ಕಂಡ ಕಲೆ ಹತ್ತು ವರ್ಷದ ಹಿಂದೆಯೂ ಅಷ್ಟೇ ಇತ್ತು ಎಂದು ತೋರಿಸಿದರೆ ಎಷ್ಟೋ ಪರೀಕ್ಷೆಗಳು ತಪ್ಪುತ್ತವೆ. ಎದೆಯ ಚಿತ್ರ, ಕ್ಯಾನ್ಸರ್ ಚಿಕಿತ್ಸೆಯ ಚಿತ್ರ, ಬೆನ್ನುಮೂಳೆಯ ಚಿತ್ರ ಇರಲಿ. ಕೂಡಿಕೊಂಡು ವರ್ಷಗಳಾದ ಕೈ ಮುರಿತದ್ದು ಹೋದರೂ ನಷ್ಟವಿಲ್ಲ. ಕೊಡುವ ಮುನ್ನ ಹೆಸರಿರುವ ಮೂಲೆ ಕತ್ತರಿಸಿ. ಈಚಿನ ಅಚ್ಚು ಫಿಲಂಗಳಲ್ಲಿ ಕೆಲವು ಶಾಖಕ್ಕೆ ಕಪ್ಪಾಗುತ್ತವೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮಕ್ಕಳು ಗ್ರಹಣ ನೋಡಲು ಎಂದು ಫಿಲಂ ಕೇಳಿದರೆ ಖಂಡಿತ ಕೊಡಬೇಡಿ, ಕಣ್ಣಿಗೆ ಅದು ರಕ್ಷಣೆಯಲ್ಲ.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಬಿದ್ದು ತಲೆಗೆ ಪೆಟ್ಟಾಗಿ ಊರಲ್ಲಿ ಸಿಟಿ ಮಾಡಿದರು. ದೊಡ್ಡಾಸ್ಪತ್ರೆಗೆ ಹೋದರೆ ಮತ್ತೆ ಸಿಟಿ ಎಂದರು. ಎರಡೆರಡು ಸಲ ಕಿರಣ ಬಿದ್ದದ್ದರಿಂದ ಅಪಾಯವಾಗುತ್ತದೆಯೇ?
— ತಾಯಿ, ಗದಗ

ಉತ್ತರ: ಎರಡು ಸಿಟಿಯಿಂದ ಮಗನಿಗೆ ಕೆಡುಕಾಗುವ ಸಂಭವ ಬಹಳ ಬಹಳ ಕಡಿಮೆ. ಆಗಿಹೋದದ್ದಕ್ಕೆ ಕೊರಗಬೇಡಿ. ತಲೆಗೆ ಪೆಟ್ಟಾದಾಗ ಒಳಗೆ ರಕ್ತಸ್ರಾವ ಹೆಚ್ಚಿದೆಯೇ ಎಂದು ಕೆಲವು ಗಂಟೆಗಳ ನಂತರ ಮತ್ತೆ ನೋಡಲೇಬೇಕಾಗುವುದೂ ಉಂಟು. ಅಂಥ ಎರಡನೆಯ ಸಿಟಿ ದಂಡವಲ್ಲ.

ಮೊದಲ ಸಿಟಿಯ ಚಿತ್ರ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಮತ್ತೆ ತೆಗೆದಿದ್ದರೆ ಅದು ತಪ್ಪಿಸಬಹುದಾಗಿದ್ದದ್ದು. ಮಣ್ಣು, ಆಕಾಶ, ಆಹಾರದಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ (ವಿಕಿರಣದ ಅಳತೆ) ಬೀಳುತ್ತಲೇ ಇರುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.1 ಅಥವಾ ಅದಕ್ಕಿಂತ ಕಡಿಮೆ. ಒಂದು ಸಿಟಿಗೆ ಅದರ ಹತ್ತಾರು ಪಟ್ಟು. ಮಕ್ಕಳ ದೇಹ ಕಿರಣಕ್ಕೆ ಹೆಚ್ಚು ಸೂಕ್ಷ್ಮ, ಅವರ ಮುಂದೆ ಬದುಕೂ ಉದ್ದವಾಗಿದೆ. ಅದಕ್ಕೇ ಉಳಿಸಬಹುದಾದಲ್ಲಿ ಉಳಿಸಬೇಕು. ಎಂಆರ್‌ಐ, ಅಲ್ಟ್ರಾಸೌಂಡ್‌ಗಳಲ್ಲಿ ಈ ಕಿರಣವಿಲ್ಲ.

ಇನ್ನು ಮುಂದೆ ಊರಿನ ಆಸ್ಪತ್ರೆಯಿಂದ ದೊಡ್ಡಾಸ್ಪತ್ರೆಗೆ ಹೊರಟಾಗ ಆಂಬುಲೆನ್ಸ್ ಹತ್ತುವ ಮೊದಲು ಸಿಡಿ ಕೇಳಿ. ಹತ್ತು ನಿಮಿಷದ ಕೆಲಸ. ಆದರೆ ಜೀವಕ್ಕೆ ಅಪಾಯವಿದ್ದರೆ ಸಿಡಿಗಾಗಿ ಕಾಯುತ್ತ ನಿಲ್ಲಬೇಡಿ, ಹೊರಡಿ. ಲಿಂಕನ್ನು ಆಮೇಲೆ ತರಿಸಿಕೊಳ್ಳಬಹುದು. ‘ಮತ್ತೆ ಸ್ಕ್ಯಾನ್’ ಎಂದಾಗ ‘ಮೊದಲಿನದರಲ್ಲಿ ಏನು ಕಾಣಲಿಲ್ಲ ಡಾಕ್ಟ್ರೇ?’ ಎಂದು ಮೆಲ್ಲಗೆ ಕೇಳಿ. ಕೇಳುವುದು ಉದ್ಧಟತನವಲ್ಲ, ಒಳ್ಳೆಯ ವೈದ್ಯರು ಕಾರಣ ಹೇಳುತ್ತಾರೆ.

ಪ್ರಶ್ನೆ: ಆಭಾ ಕಾರ್ಡ್ ಮಾಡಿಸಿದ್ದೇನೆ. ನನ್ನ ಎಲ್ಲ ಸ್ಕ್ಯಾನುಗಳೂ ಸರ್ಕಾರದ ಕಂಪ್ಯೂಟರಿಗೆ ಹೋಗಿಬಿಟ್ಟಿವೆಯೇ?
— ಓದುಗರು, ಕಾರ್ಕಳ

ಉತ್ತರ: ಇಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶವಿಡೀ ಜಾರಿಗೆ ಬಂತು. ಆಭಾ ಅದರಲ್ಲಿ ನಿಮಗೆ ಸಿಗುವ 14 ಅಂಕಿಯ ಗುರುತು ಮಾತ್ರ. ದಾಖಲೆಗಳು ಮಾಡಿದ ಆಸ್ಪತ್ರೆಯಲ್ಲೇ ಇರುತ್ತವೆ; ಆ ಆಸ್ಪತ್ರೆ ವ್ಯವಸ್ಥೆಗೆ ಸೇರಿದ್ದು, ನೀವು ಜೋಡಿಸಿ ಒಪ್ಪಿಗೆ ಕೊಟ್ಟರೆ ಮಾತ್ರ ಇನ್ನೊಬ್ಬ ವೈದ್ಯರಿಗೆ ಕಾಣುತ್ತವೆ. ಹಾಗಾಗಿ ಆಭಾ ಇದೆ ಎಂದು ಸಿಡಿ, ಪೆನ್ ಡ್ರೈವ್ ಬಿಟ್ಟುಬಿಡಬೇಡಿ.

ಓದುಗರಲ್ಲಿ ಒಂದು ವಿನಂತಿ. ಈ ಸಲ ಹಲವರು ಪತ್ರದ ಜತೆ ತಮ್ಮ ಸ್ಕ್ಯಾನಿನ ಸಿಡಿ, ಲಿಂಕ್ ಎಲ್ಲ ಕಳಿಸಿದ್ದೀರಿ. ದಯವಿಟ್ಟು ಕಳಿಸಬೇಡಿ. ನಿಮ್ಮ ತೊಂದರೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ, ಸಾಕು. ಚಿತ್ರಗಳು ನಿಮ್ಮ ಬಳಿ, ನಿಮ್ಮ ವೈದ್ಯರ ಬಳಿ ಇರಲಿ. ಬಂದಿರುವ ಸಿಡಿಗಳನ್ನು ವಿಳಾಸ ಬರೆದಿರುವವರಿಗೆಲ್ಲ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇವೆ.